ಅಕಾರ್ಡಿಯನ್ ಗಡಿ ದಾಟಿದ್ದು

ಗುಡ್‌ವೈಗ್ ನೆಸ್‌ಹೈಮ್ ಮೂವತ್ತೆಂಟು ವರ್ಷ ಟೆರ್ನ್‌ಹೋಲ್ಮ ದ್ವೀಪಕ್ಕೆ ಜನರನ್ನು ದಾಟಿಸುವ ಫೆರಿಯಲ್ಲಿ ಟಿಕೆಟ್ ನೋಡುವ ಕೆಲಸ ಮಾಡಿದವಳು. ಅಷ್ಟೂ ವರ್ಷದಲ್ಲಿ ಒಬ್ಬರನ್ನೂ ಟಿಕೆಟ್ ಇಲ್ಲದೆ ಹತ್ತಿಸಿಕೊಂಡವಳಲ್ಲ. ಒಂದು ಸಲ ಬಿಷಪ್ಪರು ಪರ್ಸನ್ನು ಮನೆಯಲ್ಲೇ ಮರೆತು ಬಂದಿದ್ದರು. ಅವರನ್ನೂ ದಡದ ಮೇಲೆಯೇ ನಿಲ್ಲಿಸಿ, "ನೀವು ಬರೋವರೆಗೂ ಪ್ರಾರ್ಥನೆ ಶುರುವಾಗಲ್ಲ ಅಂತ ನಂಗೂ ಗೊತ್ತು ಸ್ವಾಮಿ. ಆದ್ರೆ ಫೆರಿ ಶುರುವಾಗುತ್ತೆ" ಎಂದು ಹಗ್ಗ ಬಿಚ್ಚಿಸಿದ್ದಳು. ದ್ವೀಪದವರು ಈ ಕತೆಯನ್ನು ಮಕ್ಕಳಿಗೆ ಹೇಳಿ ಹೆದರಿಸುತ್ತಿದ್ದರು. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಬಿಷಪ್ಪರಿಗೊಂದು, ಮೀನುಗಾರನಿಗೊಂದು ನಿಯಮವಾದರೆ ಅದು ನಿಯಮವೇ ಅಲ್ಲ ಎಂದು ಅವಳು ಮನಸಾರೆ ನಂಬಿದ್ದಳು.

ನಿವೃತ್ತಿಯಾದ ಮೇಲೆ ಅವಳ ಕೈಯಲ್ಲಿ ಉಳಿದದ್ದು ಎದೆಗೆ ಕಟ್ಟಿ ಬಾರಿಸುವ ಪೆಟ್ಟಿಗೆ, ಅಕಾರ್ಡಿಯನ್ ಒಂದೇ. ಪ್ರತಿ ಜೂನಿನಲ್ಲಿ, ನಡುಬೇಸಿಗೆಯ ಹಬ್ಬದ ಸಂಜೆ ದ್ವೀಪದವರೆಲ್ಲ ಹಡಗುಕಟ್ಟೆಯ ಮೇಲೆ ಬೆಂಕಿ ಹಾಕಿ ಕುಣಿಯುತ್ತಾರೆ. ನಲವತ್ತೊಂದು ವರ್ಷದಿಂದ ಅಲ್ಲಿ ಬಾರಿಸುವವಳು ಗುಡ್‌ವೈಗ್. ಡ್ರಮ್ಮು ಬಡಿಯುವವಳು ಅವಳ ಗೆಳತಿ ಯೋರುನ್. ಹೋದ ವರ್ಷದ ಹಬ್ಬದಲ್ಲಿ ಪೋಲ್ಕಾ ಕುಣಿತ ಜೋರಾಗಿ ಸಾಗಿದ್ದಾಗಲೇ ಅಕಾರ್ಡಿಯನ್ನಿನ ಮೂರು ಸ್ವರಗಳು ಇದ್ದಕ್ಕಿದ್ದಂತೆ ಬಾಯಿ ಮುಚ್ಚಿಕೊಂಡವು. ಕುಣಿಯುತ್ತಿದ್ದವರು ಒಂದು ಕಾಲು ಎತ್ತಿಕೊಂಡು ಮುಂದಿನ ಸ್ವರಕ್ಕಾಗಿ ಕಾಯುತ್ತ ನಿಂತರು. ಅದು ಬರಲೇ ಇಲ್ಲ. ಪಂಚಾಯತಿಯ ಮಾಜಿ ಅಧ್ಯಕ್ಷನೊಬ್ಬ ಆಯ ತಪ್ಪಿ ಸಮುದ್ರಕ್ಕೆ ಬಿದ್ದ.

ಆ ಪೆಟ್ಟಿಗೆ ಹುಟ್ಟಿದ್ದು ಇಟಲಿಯಲ್ಲಿ. ಅದರ ರೋಗ ತಿಳಿಯುವುದೂ ಅಲ್ಲಿಯವರಿಗೇ ಎಂದು ಗುಡ್‌ವೈಗ್ ತೀರ್ಮಾನಿಸಿದಳು. ಹೊರಡುವ ಮೊದಲು ದಡದಾಚೆಯ ಬೋಡೋ ಪಟ್ಟಣದ ಸುಂಕದ ಕಚೇರಿಗೆ ಹೋಗಿ, ತಾನಾಗಿಯೇ ಕೇಳಿ, ಪೆಟ್ಟಿಗೆ ಇಲ್ಲಿಂದಲೇ ಹೊರಗೆ ಹೋದದ್ದು, ವಾಪಸ್ ಬರುವಾಗ ಸುಂಕವಿಲ್ಲ ಎಂಬ ಕಾಗದ ಬರೆಸಿಕೊಂಡಳು. ಇಂಥ ಕಾಗದ ಕೇಳಿದವರನ್ನು ಅಲ್ಲಿಯ ಗುಮಾಸ್ತ ನೋಡಿಯೇ ಇರಲಿಲ್ಲ. "ಯಾಕಮ್ಮಾ ಇದೆಲ್ಲ? ಯಾರೂ ಕೇಳಲ್ಲ" ಎಂದ. "ಯಾರೂ ಕೇಳ್ದೆ ಇದ್ರೆ ಅದು ಅವರ ತಪ್ಪು. ನಾನು ಹೇಳ್ದೆ ಇದ್ರೆ ಅದು ನನ್ನ ತಪ್ಪು" ಎಂದು ಅವಳು ಕೂತು ಬರೆಸಿದಳು: ಕಪ್ಪು ಬಣ್ಣದ ಅಕಾರ್ಡಿಯನ್ ಒಂದು, ನೂರ ಇಪ್ಪತ್ತು ಗುಂಡಿ, ಎಡಮೂಲೆಯಲ್ಲಿ ಗೀರು, ಮೂರು ಸ್ವರ ಹೊರಡುವುದಿಲ್ಲ.

ಇಟಲಿಯ ಮುದುಕ ರಿಪೇರಿಗಾರ ಎಂಟು ದಿನ ತೆಗೆದುಕೊಂಡ. ಒಂಬತ್ತನೆಯ ದಿನ ಗುಡ್‌ವೈಗ್ ಅದರ ಗಾಳಿತಿದಿ ಎಳೆದಾಗ ಪೆಟ್ಟಿಗೆ ಮೂವತ್ತು ವರ್ಷ ಚಿಕ್ಕದಾಗಿ ಉಸಿರಾಡಿತು. ಮಾರನೆಯ ಬೆಳಿಗ್ಗೆ ಅವಳು ಬೊಲೋನ್ಯಾದ ವಿಮಾನ ನಿಲ್ದಾಣದಲ್ಲಿದ್ದಳು. ಅಂದು ಗುರುವಾರ, ಹಬ್ಬ ಇದ್ದದ್ದು ಶನಿವಾರ. ಪೆಟ್ಟಿಗೆ ತುಂಬಾ ದೊಡ್ಡದು, ಕೈಯಲ್ಲಿ ಹಿಡಿದು ಹತ್ತುವಂತಿಲ್ಲ ಎಂದು ಕೌಂಟರಿನ ಹುಡುಗಿ ಅದನ್ನು ಸಾಮಾನಿಗೆ ಹಾಕಿ, ಹಿಡಿಗೆ ಉದ್ದನೆಯ ಚೀಟಿ ಅಂಟಿಸಿದಳು. ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬೋಡೋ ಎಂದಿತ್ತು.

"ನಡುವೆ ವಿಮಾನ ಬದಲಾಯಿಸ್ಬೇಕಲ್ಲ, ಅಲ್ಲಿ ನಾನು ಇದನ್ನ ತಗೋಬೇಕಾ?" ಎಂದು ಗುಡ್‌ವೈಗ್ ಕೇಳಿದಳು.

"ಏನೂ ಬೇಡ ತಾಯೀ. ನೇರ ನಿಮ್ಮೂರಿಗೆ. ನೋಡಿ, ಬರ್ದಿದೆಯಲ್ಲ."

ಬರೆದಿತ್ತು. ಬರೆದದ್ದನ್ನು ನಂಬುವುದು ಗುಡ್‌ವೈಗ್‌ಳ ಜಾಯಮಾನ.

ಹೀಗಾಗಿ ತನ್ನ ದೇಶದ ದಕ್ಷಿಣದಲ್ಲಿ, ವಿಮಾನ ಬದಲಾಯಿಸಬೇಕಿದ್ದ ದೊಡ್ಡ ನಿಲ್ದಾಣದಲ್ಲಿ ಇಳಿದಾಗ, ಧ್ವನಿವರ್ಧಕದಲ್ಲಿ "ದೇಶದೊಳಗಿನ ವಿಮಾನಕ್ಕೆ ಹೋಗುವವರು ತಮ್ಮ ಸಾಮಾನನ್ನು ಇಲ್ಲಿಯೇ ಪಡೆದು, ಸುಂಕದವರ ಮುಂದೆ ಹಾದು, ಮತ್ತೆ ಒಪ್ಪಿಸತಕ್ಕದ್ದು" ಎಂದು ಹೇಳುತ್ತಿದ್ದುದನ್ನು ಅವಳು ಕೇಳಿಸಿಕೊಂಡಳು, ಆದರೆ ಅದು ಚೀಟಿಯಿಲ್ಲದವರಿಗೆ ಎಂದುಕೊಂಡಳು. ಪಾಸ್‌ಪೋರ್ಟನ್ನು ತೆರೆದು ಕೈಯಲ್ಲಿ ಹಿಡಿದೇ ನಡೆದಳು. ಅದನ್ನು ಯಾರೂ ನೋಡಲಿಲ್ಲ. ಇಟಲಿಯಿಂದ ಬಂದ ಮನುಷ್ಯರನ್ನು ಈಗ ಯಾವ ದೇಶವೂ ನೀನು ಯಾರು ಎಂದು ಕೇಳುವುದಿಲ್ಲ. ಕೇಳಿಸಿಕೊಳ್ಳಬೇಕಾದದ್ದು ಅವರ ಪೆಟ್ಟಿಗೆಗಳು ಮಾತ್ರ. ಸಾಮಾನಿನ ಪಟ್ಟಿಗಳು ಗಿರಗಿರನೆ ಸುತ್ತುತ್ತಿದ್ದ ಹಜಾರವನ್ನು ದಾಟಿ, ಸುಂಕದವರಿಗೆ ಹೇಳುವುದೇನೂ ಇಲ್ಲದವರ ಹಸಿರು ದೀಪದ ದಾರಿಯಲ್ಲಿ ಸಾಗಿ, ಗಾಜಿನ ಬಾಗಿಲಿನಿಂದ ಹೊರಬಂದಳು. ಬಾಗಿಲು ಅವಳ ಬೆನ್ನ ಹಿಂದೆ ಸುಯ್ಯೆಂದು ಮುಚ್ಚಿಕೊಂಡಿತು.

ಬೋಡೋ ವಿಮಾನದ ಬಾಗಿಲ ಬಳಿ ಅವಳನ್ನು ತಡೆದರು. ಅವಳ ಸಾಮಾನು ವಿಮಾನಕ್ಕೆ ಬಂದಿರಲಿಲ್ಲ. ಸಹಾಯದ ಮೇಜಿಗೆ ಹೋಗಲು ಹೇಳಿದರು. ಅಲ್ಲಿ ಎಲಿಂಗ್ ಎಂಬ ಕೆಂಪು ಗಡ್ಡದವನು ಕೂತಿದ್ದ. ಬಹಳ ಒಳ್ಳೆಯ ಮನುಷ್ಯ. ಯಾವ ಕೆಟ್ಟ ಸುದ್ದಿಯನ್ನೂ ಅತ್ತೆ ಮನೆಗೆ ಬಂದ ಅಳಿಯನ ಹಾಗೆ ಸಂಕೋಚದಿಂದ ಹೇಳುತ್ತಿದ್ದ.

"ನಿಮ್ಮ ಪೆಟ್ಟಿಗೆ ಮೂರನೇ ಪಟ್ಟಿ ಮೇಲೆ ಸುತ್ತುತ್ತಾ ಇದೆಯಮ್ಮ. ಕ್ಯಾಮೆರಾದಲ್ಲಿ ಕಾಣ್ತಾ ಇದೆ. ನೋಡಿ, ಈಗ ಹೋಯ್ತು... ಈಗ ಮತ್ತೆ ಬಂತು."

ಗುಡ್‌ವೈಗ್ ಪರದೆಯಲ್ಲಿ ನೋಡಿದಳು. ಖಾಲಿ ಪಟ್ಟಿಯ ಮೇಲೆ ಅವಳ ಕಪ್ಪು ಪೆಟ್ಟಿಗೆ ಒಂದೇ ಗಂಭೀರವಾಗಿ ಪ್ರದಕ್ಷಿಣೆ ಹಾಕುತ್ತಿತ್ತು.

"ಸರಿ, ಹೋಗಿ ತಗೊಂಡು ಬರ್ತೀನಿ."

"ಅದೇ ಕಷ್ಟ. ಆ ಬಾಗಿಲು ಹೊರಗೆ ಬರೋರಿಗೆ ಮಾತ್ರ. ಒಳಗೆ ಹೋಗೋಕೆ ಆಗಲ್ಲ."

"ನೀವು ಹೋಗಿ ತರಬಹುದಾ?"

"ಯಜಮಾನರಿಲ್ದೆ ಸಾಮಾನು ಹೊರಗೆ ತರೋ ಹಾಗಿಲ್ಲ."

"ಹಾಗಾದ್ರೆ ನನ್ನನ್ನ ಯಾರಾದ್ರೂ ಜೊತೇಲಿ ಕರ್ಕೊಂಡು ಹೋಗ್ಬಹುದಾ?"

ಎಲಿಂಗ್‌ನ ಮುಖ ಒಮ್ಮೆ ಅರಳಿ ಮತ್ತೆ ಬಾಡಿತು. "ಅದಕ್ಕೊಂದು ಬೆಂಗಾವಲು ಕಾರ್ಡು ಅಂತ ಇದೆ. ಅದನ್ನ ಕೊರಳಿಗೆ ಹಾಕ್ಕೊಂಡ್ರೆ ಹೋಗಬಹುದು. ಆದ್ರೆ ಹೋದ ಸೋಮವಾರ ಒಬ್ಬರು ಅದನ್ನ ಹಾಕ್ಕೊಂಡು ಒಳಗೆ ಹೋದ್ರು, ವಾಪಸ್ ಬರುವಾಗ ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದ್ರು."

"ಅದು ಈಗ ಒಳಗಿದೆ."

"ಒಳಗಿದೆ. ಅದನ್ನ ತರೋಕೆ ಒಳಗೆ ಹೋಗ್ಬೇಕು. ಒಳಗೆ ಹೋಗೋಕೆ ಅದು ಬೇಕು. ನಾವು ಮೇಲಿನೋರಿಗೆ ಬರ್ದಿದ್ದೀವಿ."

ಬೇರೆ ಯಾರಾದರೂ ಆಗಿದ್ದರೆ ಮೇಜು ಗುದ್ದುತ್ತಿದ್ದರು. ಗುಡ್‌ವೈಗ್ ಸುಮ್ಮನೆ ನಿಂತು ಯೋಚಿಸಿದಳು. ನಿಜ ಹೇಳಬೇಕೆಂದರೆ ಅವಳಿಗೆ ಆ ಬಾಗಿಲಿನ ಮೇಲೆ ಗೌರವ ಹುಟ್ಟಿತು. ಬಿಷಪ್ಪರಿಗೂ ತೆರೆಯದ ಬಾಗಿಲು.

"ಅಲ್ರೀ, ಒಳಗೆ ಜನ ಇರ್ತಾರಲ್ಲ. ಅವರು ಹೇಗೆ ಹೋಗ್ತಾರೆ?"

"ವಿದೇಶದಿಂದ ಬಂದೋರು ಕಣಮ್ಮ. ವಿಮಾನ ಇಳಿದು ಬರ್ತಾರೆ."

"ಅಂದ್ರೆ ನಾನು ವಿದೇಶದಿಂದ ಬಂದ್ರೆ ಒಳಗೆ ಹೋಗಬಹುದು."

ಎಲಿಂಗ್ ಗಡ್ಡ ಕೆರೆದುಕೊಂಡ. ಇಂಥದ್ದನ್ನು ಅವನು ಸಲಹೆ ಕೊಡುವಂತಿರಲಿಲ್ಲ, ತಡೆಯುವಂತೆಯೂ ಇರಲಿಲ್ಲ. ತಗ್ಗಿದ ದನಿಯಲ್ಲಿ, "ಹತ್ತಿರದ ವಿದೇಶ ಅಂದ್ರೆ ಕೋಪನ್‌ಹೇಗನ್. ಇನ್ನು ನಲವತ್ತು ನಿಮಿಷಕ್ಕೆ ಒಂದು ವಿಮಾನ ಇದೆ. ಅದೇ ವಿಮಾನ ತಿರುಗಿ ಬರುತ್ತೆ" ಎಂದ.

"ಎರಡಕ್ಕೂ ಟಿಕೆಟ್ ಕೊಡಿ" ಎಂದಳು ಗುಡ್‌ವೈಗ್.

ಕೋಪನ್‌ಹೇಗನ್‌ನಲ್ಲಿ ಅವಳು ಇಪ್ಪತ್ತೈದು ನಿಮಿಷ ಇದ್ದಳು. ಒಂದು ಬಾಗಿಲಿನಿಂದ ಇಳಿದು, ಮೂಲೆಯ ಗಾಡಿಯಲ್ಲಿ ಸಾಸಿವೆ ಸುರಿದ ಕೆಂಪು ಸಾಸೇಜು ಒಂದನ್ನು ನಿಂತೇ ತಿಂದು, ಅದೇ ಬಾಗಿಲಿನಿಂದ ಹತ್ತಿದಳು. ಹೋಗುವಾಗ ಕಾಫಿ ಕೊಟ್ಟ ಗಗನಸಖಿಯೇ ಬರುವಾಗಲೂ ಕಾಫಿ ತಂದಳು.

"ಏನಮ್ಮಾ, ಡೆನ್ಮಾರ್ಕ್ ಇಷ್ಟವಾಗ್ಲಿಲ್ವಾ?"

"ಚೆನ್ನಾಗಿದೆ. ನಂಗೆ ಬೇಕಿದ್ದದ್ದು ಅಲ್ಲಿಂದ ವಾಪಸ್ ಬರೋದು ಮಾತ್ರ."

ಗಗನಸಖಿ ಇನ್ನೊಂದು ಬಿಸ್ಕತ್ತು ಕೊಟ್ಟು ಹೋದಳು.

ಮತ್ತೆ ದಕ್ಷಿಣದ ನಿಲ್ದಾಣ. ಮತ್ತೆ ಅದೇ ಹಜಾರ. ಈ ಸಲ ಗುಡ್‌ವೈಗ್ ಹಸಿರು ದೀಪದ ಕಡೆ ತಿರುಗಿಯೂ ನೋಡದೆ ನೇರ ಮೂರನೆಯ ಪಟ್ಟಿಗೆ ನಡೆದಳು. ಪಟ್ಟಿ ನಿಂತಿತ್ತು. ಅದರ ಮೇಲೆ ಏನೂ ಇರಲಿಲ್ಲ. ಪಕ್ಕದಲ್ಲಿ ಹಳದಿ ಅಂಗಿ ತೊಟ್ಟ ಕೆಲಸಗಾರನೊಬ್ಬ ಗಾಡಿಗಳನ್ನು ಒಂದರೊಳಗೊಂದು ತಳ್ಳುತ್ತಿದ್ದ. ಎದೆಯ ಮೇಲೆ ಸಿವರ್ಟ್ ಎಂದು ಹೆಸರಿತ್ತು.

"ಕಪ್ಪು ಪೆಟ್ಟಿಗೆಯಾ? ಅಕಾರ್ಡಿಯನ್ನಾ?" ಸಿವರ್ಟ್ ಹೆಮ್ಮೆಯಿಂದ ನಕ್ಕ. "ಅದರ ಚಿಂತೆ ಬಿಡಿ. ಅದರ ಯಜಮಾನ್ತಿ ಕೋಪನ್‌ಹೇಗನ್‌ಗೆ ಹೋಗಿದ್ದಾರೆ. ಕಂಪ್ಯೂಟರಲ್ಲಿ ಬರ್ದಿತ್ತು, ‘ಪ್ರಯಾಣಿಕರು ಪೆಟ್ಟಿಗೆಗಾಗಿ ಕೋಪನ್‌ಹೇಗನ್‌ಗೆ’ ಅಂತ. ಪಾಪ, ಅಲ್ಲಿ ಕಾಯ್ತಿರ್ತಾರೆ ಅಂತ ನಾನೇ ಓಡಿಹೋಗಿ ಮುಂದಿನ ವಿಮಾನಕ್ಕೆ ಹಾಕಿಸ್ದೆ."

"ಆ ಯಜಮಾನ್ತಿ ನಾನೇ."

ಸಿವರ್ಟ್‌ನ ಕೈಯಲ್ಲಿದ್ದ ಗಾಡಿ ತಾನಾಗಿ ಎರಡು ಮಾರು ಮುಂದೆ ಹೋಯಿತು.

"ನೀವು ಯಾಕೆ ವಾಪಸ್ ಬಂದ್ರಿ?" ಎಂದು ಅವನು ಕೇಳಿದ. ಆ ಗಳಿಗೆಗೆ ಅದು ನ್ಯಾಯವಾದ ಪ್ರಶ್ನೆಯಂತೆಯೇ ಇತ್ತು.

ಅವನು ಫೋನು ಹಚ್ಚಿ, ಡೆನ್ಮಾರ್ಕಿನವರ ಜೊತೆ ಜೋರಾಗಿ ಮಾತಾಡಿ ಬಂದು ಹೇಳಿದ: ಅಲ್ಲಿಯವರು ಚೀಟಿಯ ಮೇಲೆ ಬೋಡೋ ಎಂದಿರುವುದನ್ನು ನೋಡಿ, ಇದು ಇಲ್ಲಿಗೆ ಯಾಕೆ ಬಂತು ಎಂದು ಬೈದುಕೊಂಡು, ಮುಂದಿನ ವಿಮಾನಕ್ಕೆ ಹಾಕುತ್ತಾರೆ. ಸಂಜೆ ಐದೂವರೆಗೆ ಬರುತ್ತದೆ. "ಅಷ್ಟರವರೆಗೆ ಹೊರಗೆ ಹೋಗಿ ಏನಾದ್ರೂ ಊಟ ಮಾಡ್ಕೊಂಡು ಬನ್ನಿ" ಎಂದು ಮುಗಿಸಿದವನು, ತನ್ನ ಮಾತು ತನಗೇ ಕೇಳಿಸಿ ನಾಲಿಗೆ ಕಚ್ಚಿಕೊಂಡ. "ಬೇಡ ಬೇಡ. ಇಲ್ಲೇ ಇರಿ."

ಹಾಗೆ ಗುಡ್‌ವೈಗ್ ಗಾಜಿನ ಬಾಗಿಲಿನ ಹತ್ತಿರದ ಬೆಂಚಿನ ಮೇಲೆ ಕೂತಳು. ಬೆಂಚಿನ ಇನ್ನೊಂದು ತುದಿಯಲ್ಲಿ ದಪ್ಪ ಉಣ್ಣೆಯ ಕಾಲುಚೀಲ ಹಾಕಿ, ಬೂಟುಗಳನ್ನು ಬಿಚ್ಚಿ ಕೆಳಗೆ ಜೋಡಿಸಿಟ್ಟು, ಸ್ವಂತ ಮನೆಯ ವರಾಂಡದಲ್ಲಿ ಕೂತವರ ಹಾಗೆ ಒಬ್ಬರು ಪದಬಂಧ ತುಂಬುತ್ತಿದ್ದರು. ಎಪ್ಪತ್ತರ ಆಸುಪಾಸು. ಹೆಸರು ಓಡ್‌ವಾರ್. ಹಾಮಾರ್ ಪಟ್ಟಣದಲ್ಲಿ ಹಲ್ಲಿನ ಡಾಕ್ಟರಾಗಿದ್ದವರು. ನಿನ್ನೆ ಬೆಳಿಗ್ಗೆಯಿಂದ ಇಲ್ಲಿದ್ದಾರೆ.

"ನನ್ನ ಬ್ಯಾಗು ಲಿಸ್ಬನ್‌ಗೆ ಹೋಗಿದೆಯಂತೆ. ನಾನು ಲಿಸ್ಬನ್ನನ್ನ ನೋಡೇ ಇಲ್ಲ" ಎಂದರು ಓಡ್‌ವಾರ್. "ಹೊರಗೆ ಹೋಗಿ, ಮನೆಗೆ ಕಳಿಸ್ತೀವಿ ಅಂದ್ರು. ಹೊರಗೆ ಕಾಲಿಟ್ಟೆ ಅಂದ್ರೆ ಮುಗೀತು. ಆಮೇಲೆ ಅದು ಅವರ ಬ್ಯಾಗು. ಇಲ್ಲಿರೋವರೆಗೂ ನನ್ನದು."

"ಒಳಗೆ ಅಂಥ ಬೆಲೆಬಾಳೋದು ಏನಿದೆ?"

ಓಡ್‌ವಾರ್ ಸ್ವಲ್ಪ ಹೊತ್ತು ನೆನಪಿಸಿಕೊಳ್ಳಲು ನೋಡಿದರು. "ಚಡ್ಡಿಗಳು" ಎಂದರು ಕೊನೆಗೆ. "ಅದಲ್ಲ ಪ್ರಶ್ನೆ."

ಅದಲ್ಲ ಪ್ರಶ್ನೆ ಎಂಬುದನ್ನು ಗುಡ್‌ವೈಗ್ ತಕ್ಷಣ ಒಪ್ಪಿಕೊಂಡಳು.

ಗಾಜಿನ ಆಚೆ ಒಬ್ಬಾಕೆ ನಿಂತಿದ್ದಳು. ನೀಲಿ ಮಳೆಯಂಗಿ, ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ. ಓಡ್‌ವಾರರ ಹೆಂಡತಿ ತೂರಿಡ್. ನಿನ್ನೆ ಗಂಡನನ್ನು ಕರೆದೊಯ್ಯಲು ಬಂದವಳು, ಸಂಜೆ ಬಸ್ಸಿಗೆ ಮನೆಗೆ ಹೋಗಿ, ಇವತ್ತು ಬಿಸಿ ವಾಫಲ್ಲು ದೋಸೆ ಮಾಡಿಕೊಂಡು ಮತ್ತೆ ಬಂದಿದ್ದಳು. ಗಂಡ ಹೆಂಡಿರಿಬ್ಬರೂ ಒಂದು ಗಾಜಿನ ಎರಡು ಬದಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದರು. ಓಡ್‌ವಾರರಿಗೆ ಕಿವಿ ಮಂದ. ಫೋನಿನ ದನಿಯನ್ನು ಜೋರು ಮಾಡಿಟ್ಟಿದ್ದರಿಂದ ಇಡೀ ಹಜಾರಕ್ಕೆ ಕೇಳುತ್ತಿತ್ತು.

"ಬರ್ತೀಯೋ ಇಲ್ವೋ?"

"ಬ್ಯಾಗು ಬಂದ ತಕ್ಷಣ ಬರ್ತೀನಿ ಕಣೇ."

"ನಲವತ್ತು ವರ್ಷದಲ್ಲಿ ನಂಗೋಸ್ಕರ ನೀನು ಒಂದು ಗಂಟೆ ಕಾದೋನಲ್ಲ. ಆ ಹಳೇ ಬ್ಯಾಗಿಗೆ ಎರಡು ದಿನ!"

"ನೀನು ಯಾವತ್ತೂ ಲಿಸ್ಬನ್‌ಗೆ ಹೋಗಿಲ್ವಲ್ಲೇ."

ತೂರಿಡ್ ಫೋನು ಇಟ್ಟು, ಬಟ್ಟೆ ಸರಿಸಿ, ಗಂಡನ ಕಣ್ಣೆದುರಿಗೇ ಒಂದು ವಾಫಲ್ಲನ್ನು ಎತ್ತಿಕೊಂಡು, ಅದರ ಮೇಲೆ ಕಂದು ಚೀಸಿನ ಹೋಳಿಟ್ಟು, ನಿಧಾನವಾಗಿ ತಿಂದಳು. ಓಡ್‌ವಾರ್ ಬೆರಳಿನಿಂದ ಗಾಜನ್ನು ಮುಟ್ಟಿದರು.

ಅಷ್ಟರಲ್ಲಿ ಬಾರ್ಸಿಲೋನಾದಿಂದ ಬಂದವರ ಗುಂಪೊಂದು ಹೊರಟು, ಬಾಗಿಲು ತೆರೆದುಕೊಂಡಿತು. ಓಡ್‌ವಾರ್ ಗುಡ್‌ವೈಗ್‌ಳ ಕಡೆ ಬಾಗಿ ಪಿಸುಗುಟ್ಟಿದರು. "ಆ ಕಡೆಯಿಂದ ತಟ್ಟೆಯನ್ನ ನೆಲದ ಮೇಲೆ ಜಾರಿಸಿದ್ರೆ ಸಾಕು. ಮನುಷ್ಯರು ಬರೋದಲ್ಲವಲ್ಲ. ನೀವು ಸ್ವಲ್ಪ ಅಡ್ಡ ನಿಲ್ತೀರಾ?"

"ಖಂಡಿತ ಇಲ್ಲ" ಎಂದಳು ಗುಡ್‌ವೈಗ್. "ಅದು ಹೊರಗೆ ಹೋಗೋ ಬಾಗಿಲು. ವಾಫಲ್ಲಿಗೆ ಒಂದು, ಮನುಷ್ಯರಿಗೆ ಒಂದು ನಿಯಮ ಮಾಡೋಕಾಗುತ್ತಾ?"

ಓಡ್‌ವಾರ್ ಅವಳನ್ನೇ ದಿಟ್ಟಿಸಿ ನೋಡಿದರು. "ನೀವು ಏನು ಕೆಲಸ ಮಾಡ್ತಿದ್ರಿ?"

"ಫೆರಿಯಲ್ಲಿ ಟಿಕೆಟ್."

"ಹಾಗನ್ನಿ" ಎಂದು ಅವರು ಪದಬಂಧಕ್ಕೆ ಮರಳಿದರು. ಆದರೆ ಅರ್ಧಗಂಟೆಯಲ್ಲಿ ಕೋಪ ಇಳಿದು, ಯಂತ್ರದಿಂದ ಎರಡು ಲೋಟ ಕಾಫಿ ತಂದು ಒಂದನ್ನು ಅವಳ ಪಕ್ಕಕ್ಕಿಟ್ಟರು. ಬೆಂಗಾವಲು ಕಾರ್ಡು ಕಾಫಿ ಯಂತ್ರದ ಪಕ್ಕದ ಮೇಜಿನ ಮೇಲೆಯೇ ಇತ್ತು. ಅದರ ದಾರವನ್ನು ಯಾರೋ ಕಿಟಕಿಯ ಪರದೆ ಕಟ್ಟಲು ಬಳಸಿದ್ದರು.

ಐದೂವರೆಗೆ ಪಟ್ಟಿ ನಡುಗಿತು. ರಬ್ಬರಿನ ಪರದೆಯ ನಡುವಿನಿಂದ ಅಕಾರ್ಡಿಯನ್ನು ಹೊರಬಂತು. ಒಂದೇ ದಿನದಲ್ಲಿ ಮೂರು ದೇಶ ನೋಡಿದ್ದರೂ ಅದಕ್ಕೇನೂ ಆಗಿರಲಿಲ್ಲ. ಗುಡ್‌ವೈಗ್ ಅದನ್ನು ತೋಳಿನಲ್ಲಿ ಎತ್ತಿಕೊಂಡಳು. ಬೋಡೋ ವಿಮಾನಕ್ಕೆ ಇನ್ನೂ ಎರಡು ಗಂಟೆಯಿತ್ತು. ಹಸಿರು ದಾರಿ ಮುಂದೆಯೇ ಇತ್ತು, ಖಾಲಿಯಾಗಿ. ಅದರಲ್ಲಿ ನಡೆದಿದ್ದರೆ ಅಲ್ಲಿಗೆ ಕತೆ ಮುಗಿಯುತ್ತಿತ್ತು. ಆದರೆ ಅವಳ ಕೈಚೀಲದಲ್ಲಿ ಕಾಗದವಿತ್ತು. ಕಾಗದ ಇರುವವರು ಹೋಗಬೇಕಾದದ್ದು ಕೆಂಪು ದೀಪದ ಮೇಜಿಗೆ. ಹೋದಳು.

ಮೇಜಿನ ಹಿಂದಿದ್ದ ಅಧಿಕಾರಿಣಿಯ ಹೆಸರು ಸೋಲ್‌ಫ್ರಿಡ್. ಮೂವತ್ತು ದಾಟಿರಲಿಲ್ಲ. ಕೂದಲನ್ನು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು. ಕಾಗದವನ್ನು ಎರಡು ಸಲ ಓದಿದಳು.

"ಇಲ್ಲಿ ಮೂರು ಸ್ವರ ಹೊರಡೋದಿಲ್ಲ ಅಂತಿದೆ."

"ಹೌದು."

"ಈಗ?"

"ಈಗ ಹೊರಡುತ್ತೆ. ಅದಕ್ಕೇ ತಾನೆ ಹೋಗಿದ್ದು."

ಸೋಲ್‌ಫ್ರಿಡ್ ಕಾಗದವನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ನೇರ ಮಾಡಿದಳು. "ಹಾಗಾದ್ರೆ ಇದು ಈ ಕಾಗದದಲ್ಲಿರೋ ಅಕಾರ್ಡಿಯನ್ ಅಲ್ಲ. ಮೂರು ಸ್ವರ ಹೊರಡದೆ ಇರೋ ಅಕಾರ್ಡಿಯನ್ ದೇಶದಿಂದ ಹೊರಗೆ ಹೋಗಿದೆ. ಎಲ್ಲಾ ಸ್ವರ ಹೊರಡೋ ಅಕಾರ್ಡಿಯನ್ ಒಳಗೆ ಬರ್ತಾ ಇದೆ."

"ಗೀರು ನೋಡಮ್ಮ. ಎಡಮೂಲೆ."

"ಗೀರು ಸರಿಯಾಗಿದೆ. ಪೆಟ್ಟಿಗೆ ನಮ್ಮದು ಅಂತ ಒಪ್ತೀನಿ. ಸ್ವರದ್ದೇ ತೊಂದರೆ. ಮೂರು ಸ್ವರ ಇಟಲಿಯವು."

ಗುಡ್‌ವೈಗ್ ತಲೆಯಾಡಿಸಿದಳು. ಎಷ್ಟು ಯೋಚಿಸಿದರೂ ಅದರಲ್ಲಿ ತಪ್ಪು ಕಾಣಲಿಲ್ಲ. "ಅದು ಸರಿ. ಹಾಗಾದ್ರೆ ಬರೀ ಮೂರು ಸ್ವರವನ್ನ ಇಲ್ಲೇ ಬಿಟ್ಟು ಹೋಗಬಹುದಾ?"

ಅವಳು ತಮಾಷೆ ಮಾಡುತ್ತಿರಲಿಲ್ಲ. ಸೋಲ್‌ಫ್ರಿಡ್‌ಗೂ ಅದು ತಿಳಿಯಿತು. ಹಿಂಬದಿಯ ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಹುಡುಕಿದಳು. ಜೀವಂತ ಪ್ರಾಣಿಗಳ ಬಗ್ಗೆ ಇತ್ತು, ಸತ್ತವುಗಳ ಬಗ್ಗೆ ಇತ್ತು, ಮಧ್ಯದಲ್ಲಿ ಗುಣವಾದದ್ದರ ಬಗ್ಗೆ ಏನೂ ಇರಲಿಲ್ಲ. ಕೊನೆಗೆ ಪುಸ್ತಕ ಮುಚ್ಚಿದಳು.

"ಯಾವ ಮೂರು ಅಂತ ಮೊದಲು ಗುರುತಿಸ್ಬೇಕು. ಬಾರಿಸಿ ತೋರಿಸಿ. ನಾನು ಬರ್ಕೊತೀನಿ."

ಗುಡ್‌ವೈಗ್ ಅಕಾರ್ಡಿಯನ್ನಿನ ಪಟ್ಟಿಯನ್ನು ಹೆಗಲಿಗೇರಿಸಿದಳು. ಬರೀ ಮೂರು ಸ್ವರ ಒತ್ತಿ ತೋರಿಸಿದ್ದರೆ ಸಾಕಿತ್ತು. ಮೊದಲನೆಯದನ್ನು ಒತ್ತಿದಳು. "ಒಂದು" ಎಂದು ಸೋಲ್‌ಫ್ರಿಡ್ ಬರೆದಳು. ಎರಡನೆಯದು. "ಎರಡು." ಮೂರನೆಯದು ಒತ್ತಿದಾಗ ಗುಡ್‌ವೈಗ್‌ಳ ಬೆರಳು ನಿಲ್ಲಲಿಲ್ಲ. ಹೋದ ವರ್ಷ ಹಡಗುಕಟ್ಟೆಯ ಮೇಲೆ ಎಲ್ಲಿ ನಿಂತುಹೋಗಿತ್ತೋ ಅಲ್ಲಿಂದಲೇ ಪೋಲ್ಕಾ ಮುಂದುವರಿಯಿತು.

ಹಜಾರದ ಸೂರು ಎತ್ತರವಾಗಿತ್ತು, ನೆಲ ಕಲ್ಲಿನದು. ದನಿ ಎಲ್ಲ ಕಡೆ ಹೋಗಿ, ದೊಡ್ಡದಾಗಿ ವಾಪಸ್ ಬಂತು. ಕೋಪನ್‌ಹೇಗನ್‌ನಿಂದ ಬಂದ ಪ್ರಯಾಣಿಕರು ತಮ್ಮ ಪೆಟ್ಟಿಗೆಗಳನ್ನು ಪಟ್ಟಿಯ ಮೇಲೆಯೇ ಸುತ್ತಲು ಬಿಟ್ಟು ತಿರುಗಿ ನಿಂತರು. ಸಿವರ್ಟ್ ಗಾಡಿಯ ಹಿಡಿಯ ಮೇಲೆ ತಾಳ ಹಾಕಿದ. ಓಡ್‌ವಾರ್ ಪದಬಂಧ ಕೆಳಗಿಟ್ಟು, ಬೂಟಿಲ್ಲದ ಕಾಲಿನಲ್ಲೇ ಎದ್ದು, ಒಬ್ಬರೇ ಕುಣಿಯತೊಡಗಿದರು. ಒಂದು ಕೈಯನ್ನು ಯಾರದೋ ಸೊಂಟದ ಮೇಲಿಟ್ಟ ಹಾಗೆ, ಇನ್ನೊಂದನ್ನು ಯಾರದೋ ಕೈ ಹಿಡಿದ ಹಾಗೆ. ಉಣ್ಣೆಯ ಕಾಲುಚೀಲಗಳು ಕಲ್ಲಿನ ಮೇಲೆ ಎಷ್ಟು ನುಣ್ಣಗೆ ಜಾರುತ್ತಿದ್ದವೆಂದರೆ ಅವರು ಇಪ್ಪತ್ತು ವರ್ಷದ ಹುಡುಗನಂತೆ ತಿರುಗಿದರು.

ಗಾಜಿನ ಆಚೆ ತೂರಿಡ್ ನಿಂತಿದ್ದಳು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಎರಡು ದಿನದಿಂದ ಬ್ಯಾಗಿಗಾಗಿ ಕಾಯುತ್ತಿದ್ದ ಗಂಡ ಈಗ ಒಬ್ಬನೇ ಗಿರಗಿರ ಸುತ್ತುತ್ತಿರುವುದು ಮಾತ್ರ ಕಾಣಿಸುತ್ತಿತ್ತು. ಮೊದಲು ಅವಳ ಮುಖದಲ್ಲಿ ಗಾಬರಿ ಮೂಡಿತು. ಆಮೇಲೆ ಅವಳು ಅಕಾರ್ಡಿಯನ್ನನ್ನು ನೋಡಿದಳು. ತಟ್ಟೆಯನ್ನು ಕೆಳಗಿಟ್ಟು, ಎರಡೂ ಅಂಗೈ ಗಾಜಿಗೆ ಒತ್ತಿ, ಒಂದು ಕಿವಿಯನ್ನೂ ಗಾಜಿಗೆ ಹಚ್ಚಿ ನಿಂತಳು.

ಗುಡ್‌ವೈಗ್‌ಗೆ ಆ ಕಿವಿ ಕಂಡಿತು. ಗಾಜಿಗೆ ಒತ್ತಿ ಚಪ್ಪಟೆಯಾದ, ಬಿಳಿಚಿದ ಕಿವಿ. ಅದನ್ನು ನೋಡುತ್ತ ಬಾರಿಸುವುದು ಅವಳಿಗೆ ಕಷ್ಟವಾಯಿತು. ಬಿಷಪ್ಪರು ದಡದ ಮೇಲೆ ಹೇಗೆ ನಿಂತಿದ್ದರೋ ಅವಳು ತಿರುಗಿ ನೋಡಿರಲಿಲ್ಲ; ಟಿಕೆಟ್ ನೋಡುವವರು ಯಾವಾಗಲೂ ಮುಂದಕ್ಕೆ ನೋಡುತ್ತಾರೆ. ಬಾರಿಸುತ್ತಲೇ ನಾಲ್ಕು ಹೆಜ್ಜೆ ಹಾಕಿ ಬಾಗಿಲಿಗೆ ಬಂದಳು. ಹೊರಹೋಗುವವಳು ಬಂದಳೆಂದು ಬಾಗಿಲು ತೆರೆದುಕೊಂಡಿತು. ಅವಳು ಹೊರಗೆ ಹೋಗಲಿಲ್ಲ. ಹೊಸ್ತಿಲ ಮೇಲೆ ನಿಂತಳು.

"ಏನು ನೋಡ್ತೀಯೇ?" ಎಂದು ಕೂಗಿದಳು. "ಒಳಗೆ ಬಾ!"

ತೂರಿಡ್ ಬಂದಳು.

ಅವಳ ಕಾಲು ಗೆರೆ ದಾಟಿದ್ದೇ ತಡ, ಗಂಟೆ ಹೊಡೆದುಕೊಂಡಿತು. ಸೂರಿನ ತುಂಬ ಕೆಂಪು ದೀಪಗಳು ಹೊತ್ತಿಕೊಂಡವು. ಎಲ್ಲೋ ಒಂದು ಯಂತ್ರದ ದನಿ ದಯವಿಟ್ಟು ಶಾಂತರಾಗಿರಿ ಎಂದು ಕಿರುಚಿತು. ಗುಡ್‌ವೈಗ್‌ಗೆ ಮೊದಲು ತಟ್ಟಿದ್ದು ಭಯವಲ್ಲ, ಗಂಟೆಯ ಸ್ವರ ತನ್ನ ಶ್ರುತಿಗಿಂತ ಅರ್ಧ ಸ್ವರ ಮೇಲಿದೆ ಎಂಬುದು. ಕಿವಿಗೆ ಅಸಹ್ಯ. ಒಂದು ಸುತ್ತು ಮುಗಿಸಿ, ಅರ್ಧ ಸ್ವರ ಏರಿ, ಬೇರೆ ಪೋಲ್ಕಾ ಎತ್ತಿಕೊಂಡಳು. ಈಗ ಗಂಟೆಯೂ ಅವಳ ಜೊತೆಯೇ ಬಾರಿಸಿದಂತಾಯಿತು. ಓಡ್‌ವಾರ್ ಹೆಂಡತಿಯನ್ನು ಹಿಡಿದುಕೊಂಡರು. ಇನ್ನೂ ಮೂರು ನಾಲ್ಕು ಜೋಡಿಗಳು ಸೇರಿಕೊಂಡವು. ಡೆನ್ಮಾರ್ಕಿನ ಗೃಹಸ್ಥನೊಬ್ಬ ಸಿವರ್ಟ್‌ನ ಕೈ ಹಿಡಿದೆಳೆದ.

ಸೋಲ್‌ಫ್ರಿಡ್ ಮೇಜಿನ ಹಿಂದಿನಿಂದ ಓಡಿಬಂದಳು. ಕೈಯಲ್ಲಿ ಪೆನ್ನು ಇನ್ನೂ ಇತ್ತು.

"ನೀವು ಏನು ಮಾಡಿದ್ರಿ ಅಂತ ಗೊತ್ತಾ?"

"ಗೊತ್ತು" ಎಂದಳು ಗುಡ್‌ವೈಗ್, ಬಾರಿಸುವುದನ್ನು ನಿಲ್ಲಿಸದೆ. "ತಪ್ಪು ಮಾಡ್ದೆ. ಬರ್ಕೊ."

"ಹೊರಗಿನೋರು ಒಳಗೆ ಬಂದ್ರೆ ಇಡೀ ಹಜಾರ ಖಾಲಿ ಮಾಡಿಸ್ಬೇಕು! ಯಾರು ಪರೀಕ್ಷೆಯಾದೋರು, ಯಾರು ಆಗದೋರು ಅಂತ ಈಗ ಯಾರಿಗೆ ಗೊತ್ತಾಗುತ್ತೆ?"

"ಖಾಲಿ ಮಾಡಿಸು ಮತ್ತೆ. ನಿಯಮ ಅಂದ್ರೆ ನಿಯಮ."

ಆ ಹಾಡು ಮುಗಿಯುವವರೆಗೆ ಸೋಲ್‌ಫ್ರಿಡ್ ಕಾದಳು. ಕಾಯಬೇಕೆಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಆಮೇಲೆ ಕೊರಳಿನ ಸೀಟಿ ಊದಿ, ಎರಡೂ ತೋಳು ಚಾಚಿ, ಕೋಳಿಮರಿಗಳನ್ನು ಗೂಡಿನಿಂದ ಹೊರಗೆ ಅಟ್ಟುವ ಹಾಗೆ ಎಲ್ಲರನ್ನೂ ಬಾಗಿಲಿನತ್ತ ಅಟ್ಟಿದಳು. ಪೆಟ್ಟಿಗೆಯಿದ್ದವರು ಪೆಟ್ಟಿಗೆಯೊಂದಿಗೆ, ಇಲ್ಲದವರು ಹಾಗೆಯೇ, ಹಸಿರು ಯಾವುದು ಕೆಂಪು ಯಾವುದು ಎಂದು ಯಾರೂ ಕೇಳದೆ ಹೊರಗೆ ಬಂದರು. ಗುಡ್‌ವೈಗ್ ಅಕಾರ್ಡಿಯನ್ನನ್ನು ಎದೆಗೆ ಕಟ್ಟಿಕೊಂಡೇ ಬಂದಳು. ಅದರ ಖಾಲಿ ಪೆಟ್ಟಿಗೆಯನ್ನು ಕೊನೆಗೆ ಎತ್ತಿಕೊಂಡು ಬಂದವಳು ಸೋಲ್‌ಫ್ರಿಡ್.

ಓಡ್‌ವಾರ್ ಬಾಗಿಲಿನಾಚೆ ಕಾಲುಚೀಲದಲ್ಲೇ ನಿಂತು ಹಿಂದಕ್ಕೆ ನೋಡಿದರು. ಬೂಟುಗಳು ಬೆಂಚಿನ ಕೆಳಗೆ ಅಚ್ಚುಕಟ್ಟಾಗಿ ಕೂತಿದ್ದವು. ಬಾಗಿಲು ಮುಚ್ಚಿಕೊಂಡಿತ್ತು.

"ಈಗ ಬೂಟಿಗೋಸ್ಕರ ಇನ್ನೆರಡು ದಿನ ಕಾಯ್ತೀಯಾ?" ಎಂದಳು ತೂರಿಡ್.

ಓಡ್‌ವಾರ್ ಒಂದು ವಾಫಲ್ಲು ಬಾಯಿಗಿಟ್ಟರು. ತಣ್ಣಗಾಗಿತ್ತು. ಇನ್ನೊಂದು ತೆಗೆದುಕೊಂಡರು. "ಬಸ್ಸು ಎಷ್ಟು ಗಂಟೆಗೆ?" ಎಂದು ಕೇಳಿದರು. ಹೊರಡುವ ಮುಂಚೆ ತೂರಿಡ್ ಗುಡ್‌ವೈಗ್‌ಳ ಹತ್ತಿರ ಬಂದು, ಉಳಿದ ವಾಫಲ್ಲುಗಳನ್ನು ತಟ್ಟೆಯ ಸಮೇತ ಅವಳ ಕೈಗೆ ಕೊಟ್ಟುಹೋದಳು.

ಸಹಾಯದ ಮೇಜಿನ ಎಲಿಂಗ್ ಅಕಾರ್ಡಿಯನ್ನಿಗೆ ಹೊಸ ಚೀಟಿ ಅಂಟಿಸಿದ. ಈ ಸಲ ಅಂಟಿಸುವ ಮೊದಲು ಎರಡು ಸಲ ಓದಿದ್ದ. ಅವನೇ ಅದನ್ನು ಗಾಡಿಯಲ್ಲಿ ವಿಮಾನದವರೆಗೆ ತಳ್ಳಿಕೊಂಡು ಹೋಗಿ, ಒಳಗೆ ಹೋದದ್ದನ್ನು ಕಣ್ಣಾರೆ ನೋಡಿ, ಕಿಟಕಿಯ ಹಿಂದೆ ಕೂತಿದ್ದ ಗುಡ್‌ವೈಗ್‌ಗೆ ಕೈಬೀಸಿದ. ಬೋಡೋದಲ್ಲಿ ಪಟ್ಟಿಯ ಮೇಲೆ ಮೊದಲು ಬಂದದ್ದೇ ಅದು.

ಶನಿವಾರ ಹಬ್ಬ ನಡೆಯಿತು. ಸಮುದ್ರ ಶಾಂತವಾಗಿತ್ತು, ಉತ್ತರದ ಜೂನಿನ ಸೂರ್ಯ ಮುಳುಗುವ ಯೋಚನೆಯಲ್ಲೇ ಇರಲಿಲ್ಲ. ಮೂರು ಹೊಸ ಸ್ವರಗಳು ಬಂದಾಗಲೆಲ್ಲ ಜನ ಹೋದ ವರ್ಷದ ನೆನಪಿನಿಂದ ಒಂದು ಕಾಲು ಎತ್ತಿ ನಿಲ್ಲುತ್ತಿದ್ದರು, ಆಮೇಲೆ ನಗುತ್ತ ಮುಂದುವರಿಯುತ್ತಿದ್ದರು. ಮಾಜಿ ಅಧ್ಯಕ್ಷ ಮಾತ್ರ ನೀರಿನಿಂದ ದೂರ ಕುಣಿದ.

ಸುಂಕದವರ ಕಾಗದ ಬಂದದ್ದು ಜುಲೈ ಎರಡನೆಯ ವಾರದಲ್ಲಿ. ಯೋರುನ್ ಆಗ ಕಾಫಿಗೆ ಬಂದಿದ್ದಳು. ಗುಡ್‌ವೈಗ್ ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದಿದಳು. ಸದರಿ ವಾದ್ಯವು ಗುರುವಾರದಂದು ಕೋಪನ್‌ಹೇಗನ್‌ಗೆ ಹೊರಟಿರುವುದು ದಾಖಲೆಯಲ್ಲಿದೆ. ಅನಂತರ ಅದು ದೇಶವನ್ನು ಅಧಿಕೃತವಾಗಿ ಪ್ರವೇಶಿಸಿದ್ದಕ್ಕೆ ದಾಖಲೆ ಇಲ್ಲ. ಆದ್ದರಿಂದ ವಾದ್ಯವು ಈಗಲೂ ವಿದೇಶದಲ್ಲಿದೆ ಎಂದು ಪರಿಗಣಿಸಲಾಗಿದೆ. ತರಿಸಿಕೊಳ್ಳಲು ಇಚ್ಛೆಯಿದ್ದಲ್ಲಿ ಜೊತೆಗಿರುವ ಫಾರಂ ತುಂಬಿ ಕಳಿಸುವುದು.

"ಅಂದ್ರೆ ಹೋದ ಶನಿವಾರದ ಮುಂಚಿನ ಶನಿವಾರದ ಮುಂಚಿನ..." ಯೋರುನ್ ಬೆರಳು ಮಡಿಚಿದಳು. "ಹಬ್ಬದ ದಿನ ನಾವು ಕುಣಿದದ್ದು ಯಾವುದಕ್ಕೆ?"

ಗುಡ್‌ವೈಗ್ ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದಳು. ಕಾಗದದ ಕೆಳಗೆ ಸೋಲ್‌ಫ್ರಿಡ್‌ಳ ಸಹಿ ಇತ್ತು. ಸಹಿಯ ಕೆಳಗೆ ಪೆನ್ನಿನಲ್ಲಿ ಸಣ್ಣ ಅಕ್ಷರದಲ್ಲಿ, ‘ಗಂಟೆಯ ಜೊತೆ ಬಾರಿಸಿದಿರಲ್ಲ, ಆ ಎರಡನೇ ಹಾಡಿನ ಹೆಸರೇನು?’ ಎಂದು ಬರೆದಿತ್ತು.

ಗುಡ್‌ವೈಗ್ ಫಾರಂ ತೆಗೆದು ಮೇಜಿನ ಮೇಲೆ ಹರಡಿದಳು. ಪೆನ್ನು ಹುಡುಕಿದಳು. ಹೆಸರು, ವಿಳಾಸ, ವಸ್ತುವಿನ ವಿವರ ಎಂಬವುಗಳ ಮುಂದೆ ಖಾಲಿ ಗೆರೆಗಳು ಅವಳಿಗಾಗಿ ಕಾಯುತ್ತಿದ್ದವು. ಯೋರುನ್ ಕಾಫಿ ಲೋಟ ಕೆಳಗಿಟ್ಟು ನೋಡುತ್ತಿದ್ದಳು. ಗುಡ್‌ವೈಗ್ ತನ್ನ ಜೀವಮಾನದಲ್ಲಿ ಯಾವ ಖಾಲಿ ಗೆರೆಯನ್ನೂ ಖಾಲಿ ಬಿಟ್ಟವಳಲ್ಲ. ಗುಡ್‌ವೈಗ್ ಎದ್ದು, ಡ್ರಾಯರಿನಿಂದ ಫೆರಿಯ ಚಿತ್ರವಿದ್ದ ಪೋಸ್ಟ್‌ಕಾರ್ಡು ತಂದು, ಅದರ ಹಿಂದೆ ಬರೆದಳು: ‘ಅದಕ್ಕೆ ಹೆಸರಿಲ್ಲ. ನಮ್ಮ ಕಡೆ ಉಪ್ಪುಮೀನಿನ ಶೆಡ್ಡಿನ ಎರಡನೇದು ಅಂತಾರೆ. ಮುಂದಿನ ಜೂನಿಗೆ ಬಾ, ಕಲಿಸ್ತೀನಿ.’

"ಫಾರಂ?" ಎಂದಳು ಯೋರುನ್.

"ಆಮೇಲೆ ನೋಡೋಣ" ಎಂದು ಗುಡ್‌ವೈಗ್ ಅದನ್ನು ನಾಲ್ಕು ಮಡಿಕೆ ಮಾಡಿ ಕೆಟಲ್ಲಿನ ಅಡಿಗೆ ಇಟ್ಟಳು.